ಎಣಿಸಿ ಸೋಲುವ ಹಕ್ಕು

ನಾವೆಲ್ಲ ಒಂದಿಲ್ಲೊಂದು ಸೆಮ್‌ನಲ್ಲಿ ‘ಭಾರತದ ಸಂವಿಧಾನ’ ಅನ್ನೋ ಪೇಪರ್ ಬರೆದು ಬಂದವರೇ. ಹಿಂದಿನ ರಾತ್ರಿ ಸೀನಿಯರ್ಸ್ ಕೊಟ್ಟ ಪಿಡಿಎಫ್ ತಿರುವಿ ಹಾಕಿ, ಬೆಳಿಗ್ಗೆ ಓಎಂಆರ್ ಶೀಟಿನಲ್ಲಿ ಗುಂಡು ತುಂಬಿ, ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮರೆತವರೇ. ಆ ಪಿಡಿಎಫ್‌ನಲ್ಲಿ ಒಂದು ಪ್ರಶ್ನೆ ಇತ್ತು: ಎಸ್. ಆರ್. ಬೊಮ್ಮಾಯಿ ಪ್ರಕರಣ ಯಾವ ವಿಧಿಗೆ ಸಂಬಂಧಿಸಿದ್ದು? ಉತ್ತರ 356. ನಾನೂ ತುಂಬಿದೆ. ಮಾರ್ಕ್ಸೂ ಬಂತು.

ಆ ರಜೆಗೆ ಊರಿಗೆ ಹೋದಾಗ ಅಜ್ಜನ ಮುಂದೆ ಇದನ್ನ ಹೇಳಿದೆ. ನಮ್ಮೂರು ಬಾಗಲಕೋಟೆ ತಾಲೂಕಿನ ಶಿರೂರು. ಅಜ್ಜ ಕಟ್ಟೆ ಮೇಲೆ ಕೂತು ಅಡಿಕೆ ಕತ್ತರಿಸ್ತಾ ಕೇಳಿದ, “ಬೊಮ್ಮಾಯಿ ಅಂದ್ರ ಆ ಹುಬ್ಬಳ್ಳಿ ವಕೀಲ್ರಲ್ಲೇನ ತಂಗಿ? ಅವರ ಕುರ್ಚಿ ಹೋತು. ಕೋರ್ಟಿಗೆ ಹೋದ್ರು, ಕೇಸ್ ಗೆದ್ರು. ಖರೇ ಅಂದ್ರ ಕುರ್ಚಿ ವಾಪಸ್ ಸಿಗಲಿಲ್ಲ. ಅದನ್ನ ಕೇಳಂಗಿಲ್ಲೇನು ನಿಮ್ಮ ಪೇಪರಿನ್ಯಾಗ?”

ಇಲ್ಲ, ಕೇಳೋದಿಲ್ಲ. ಈ ಲೇಖನ ಆ ಕೇಳದ ಪ್ರಶ್ನೆಯ ಬಗ್ಗೆ. ಕೇಸ್ ಗೆದ್ದು ಕುರ್ಚಿ ಸಿಗದ ಮನುಷ್ಯ ಗೆದ್ದನೋ ಸೋತನೋ?

ಮೊದಲು 356 ಅಂದರೆ ಏನು ಅಂತ ಸರಳವಾಗಿ ಹೇಳಿಬಿಡ್ತೀನಿ. ಒಂದು ರಾಜ್ಯದಲ್ಲಿ ಸಂವಿಧಾನದ ಪ್ರಕಾರ ಆಡಳಿತ ನಡೆಸೋದು ಸಾಧ್ಯವಿಲ್ಲ ಅಂತ ರಾಜ್ಯಪಾಲರು ವರದಿ ಕೊಟ್ಟರೆ, ಅಥವಾ ಬೇರೆ ರೀತಿಯಿಂದ ರಾಷ್ಟ್ರಪತಿಗೆ ಹಾಗೆ ಮನವರಿಕೆಯಾದರೆ, ಆ ರಾಜ್ಯದ ಆಡಳಿತವನ್ನು ಕೇಂದ್ರ ಕೈಗೆ ತಗೋಬಹುದು. ರಾಷ್ಟ್ರಪತಿ ನಡೆಯೋದು ಕೇಂದ್ರ ಸಂಪುಟದ ಸಲಹೆಯಂತೆ. ಹಾಗಾಗಿ ದಿಲ್ಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು ಪಕ್ಷ ಇದ್ದರೆ ಈ ವಿಧಿ ಎಷ್ಟು ಹರಿತ ಅಂತ ಯಾರಿಗಾದರೂ ತಿಳಿಯುತ್ತೆ. ಇದು ಬಳಕೆಗೇ ಬಾರದೆ ಹಾಳೆಯ ಮೇಲೆ ಉಳಿಯಲಿ ಅಂತ ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಆಶಿಸಿದ್ದರು. ಬೊಮ್ಮಾಯಿ ತೀರ್ಪು ಬರುವ ಹೊತ್ತಿಗೆ ಅದು 90ಕ್ಕೂ ಹೆಚ್ಚು ಸಲ ಬಳಕೆಯಾಗಿತ್ತು.

ನಮ್ಮ ಜಿಲ್ಲೆಗೆ ವಕೀಲರು ರಾಜಕೀಯಕ್ಕೆ ಬರೋದು ಹೊಸದೇನಲ್ಲ. ಹುನಗುಂದದಿಂದ ಗೆದ್ದ ಎಸ್. ಆರ್. ಕಂಠಿಯವರು 1962ರಲ್ಲಿ ಮೂರು ತಿಂಗಳ ಮಟ್ಟಿಗೆ ಮುಖ್ಯಮಂತ್ರಿಯಾಗಿದ್ದರು. ಹೊಸದುರ್ಗದಲ್ಲಿ ಸೋತಿದ್ದ ನಿಜಲಿಂಗಪ್ಪನವರು ನಮ್ಮ ಬಾಗಲಕೋಟೆಯಿಂದ ಶಾಸಕರಾಗಿ ಬಂದ ಕೂಡಲೇ ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು. ಜಮಖಂಡಿ ಕಡೆಯ ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಯಾಗಿ, ಮುಂದೆ ಉಪರಾಷ್ಟ್ರಪತಿಯಾಗಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದರು. ಆ ಹೊತ್ತಿಗೇ ಕೇಂದ್ರದಲ್ಲಿ ಹೊಸದಾಗಿ ಬಂದ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು 356ರ ಅಡಿ ಒಮ್ಮೆಲೇ ತೆಗೆಯೋಕೆ ಹೊರಟಿತು. ಕಾಗದ ಜತ್ತಿಯವರ ಮೇಜಿಗೆ ಬಂತು. ಅವರು ಕೂಡಲೇ ಸಹಿ ಹಾಕಲಿಲ್ಲ, ಹಿಂದೆ ಮುಂದೆ ನೋಡಿದರು. ಕಡೆಗೆ ಹಾಕಿದರು. ಅಷ್ಟರಲ್ಲೇ ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. ಅಲ್ಲಿಯೂ ಅವುಗಳಿಗೆ ಪರಿಹಾರ ಸಿಗಲಿಲ್ಲ.

ಅದೇ ವರ್ಷ ಡಿಸೆಂಬರ್ 31ಕ್ಕೆ ಕರ್ನಾಟಕದ ದೇವರಾಜ ಅರಸರ ಸರ್ಕಾರವೂ ಹೀಗೇ ಹೋಯಿತು. ತೆಗೆದದ್ದು ಕೇಂದ್ರದ ಅದೇ ಜನತಾ ಸರ್ಕಾರ. ಎರಡು ತಿಂಗಳಲ್ಲಿ ಚುನಾವಣೆ ನಡೆದು ಜನ ಅರಸರನ್ನೇ ಮತ್ತೆ ಗೆಲ್ಲಿಸಿದರು.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದರೆ, ಸೋಮಪ್ಪ ರಾಯಪ್ಪ ಬೊಮ್ಮಾಯಿಯವರೂ ಅದೇ ಜನತಾ ಪಕ್ಷದವರು. 1924ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ ಹುಟ್ಟಿ, ಕಾನೂನು ಓದಿ, ಹುಬ್ಬಳ್ಳಿಯಲ್ಲಿ ವಕೀಲಿಕೆ ಮಾಡಿದವರು. ಎಂ. ಎನ್. ರಾಯ್ ಅವರ ಮಾನವತಾವಾದ ಓದಿ ಬೆಳೆದವರು. ಕರ್ನಾಟಕದಲ್ಲಿ ಕಾಂಗ್ರೆಸ್ ಬಿಟ್ಟು ಬೇರೆಯವರು ಅಧಿಕಾರಕ್ಕೆ ಬರ್ತಾರೆ ಅಂತ ಯಾರೂ ನಂಬದ ಕಾಲದಲ್ಲಿ ವಿರೋಧ ಪಕ್ಷದ ಬೆಂಚಿನಲ್ಲಿ ಕೂತವರು. ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರೂ ಆಗಿದ್ದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ಮಂತ್ರಿಯಾದರು. 1988ರ ಆಗಸ್ಟ್‌ನಲ್ಲಿ ಫೋನ್ ಕದ್ದಾಲಿಕೆ ಆರೋಪದ ಮೇಲೆ ಹೆಗಡೆಯವರು ರಾಜೀನಾಮೆ ಕೊಟ್ಟಾಗ ಮುಖ್ಯಮಂತ್ರಿಯಾದರು. ಆ ಕುರ್ಚಿ ಅವರ ಕೆಳಗೆ ಇದ್ದದ್ದು ಎಂಟು ತಿಂಗಳು ಮಾತ್ರ.

ಈಗ 1989ರ ಏಪ್ರಿಲ್‌ನ ಒಂದು ವಾರ ನೋಡೋಣ. 15ನೇ ತಾರೀಖು ಬೊಮ್ಮಾಯಿ ತಮ್ಮ ಸಂಪುಟಕ್ಕೆ 13 ಜನರನ್ನು ಸೇರಿಸಿಕೊಂಡರು. ಸಿಗದವರಿಗೆ ಸಿಟ್ಟು. 17ಕ್ಕೆ ಪಕ್ಷದ ಶಾಸಕ ಕೆ. ಆರ್. ಮೊಳಕೇರಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಹತ್ತಿರ ಹೋಗಿ, ಬೆಂಬಲ ವಾಪಸ್ ಪಡೀತೀವಿ ಅನ್ನೋ 19 ಪತ್ರ ಕೊಟ್ಟರು. 19ಕ್ಕೆ ರಾಜ್ಯಪಾಲರು ರಾಷ್ಟ್ರಪತಿಗೆ ವರದಿ ಕಳಿಸಿದರು: ಮುಖ್ಯಮಂತ್ರಿಗೆ ಬಹುಮತ ಇಲ್ಲ. 20ಕ್ಕೆ ಆ 19ರಲ್ಲಿ ಏಳು ಜನ ತಿರುಗಿ ಬರೆದುಕೊಟ್ಟರು: ನಮ್ಮ ಸಹಿಯನ್ನು ತಪ್ಪು ತಿಳಿಸಿ ತಗೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೀವಿ. ಅವತ್ತೇ ಬೊಮ್ಮಾಯಿ ಕಾನೂನು ಮಂತ್ರಿಯನ್ನು ಕರಕೊಂಡು ರಾಜ್ಯಪಾಲರ ಬಳಿ ಹೋದರು. 27ಕ್ಕೆ ಅಧಿವೇಶನ ಇದೆ, ಬೇಕಾದರೆ ಇನ್ನೂ ಮುಂಚೆ ಕರೀತೀನಿ, ಸದನದಲ್ಲಿ ಬಹುಮತ ತೋರಿಸ್ತೀನಿ ಅಂದರು. ರಾಜ್ಯಪಾಲರು ಅದಕ್ಕೆ ಕಾಯಲಿಲ್ಲ. ಇನ್ನೊಂದು ವರದಿ ಹೋಯಿತು. 21ಕ್ಕೆ ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ.

ಒಂದು ವಾರ ತಡೆದಿದ್ದರೆ ಸದನದಲ್ಲಿ ಎಲ್ಲರ ಎದುರು ತಲೆ ಎಣಿಸಬಹುದಿತ್ತು. ಇಲ್ಲಿ ಎಣಿಕೆ ಆಗಿದ್ದು ರಾಜಭವನದ ಒಳಗೆ, ಕಾಗದದ ಮೇಲೆ.

ಇಲ್ಲಿ ನನ್ನದೇ ಒಂದು ಮಾತು ಹೇಳಬೇಕು. ಹೇಳದೆ ಮುಂದೆ ಬರೆದರೆ ಅದು ಕಪಟ ಆಗುತ್ತೆ.

ಹೋದ ಸೆಮ್‌ನಲ್ಲಿ ನಮ್ಮ ಲೇಡೀಸ್ ಹಾಸ್ಟೆಲಿನ ಮೆಸ್ ಕಮಿಟಿಗೆ ಒಬ್ಬ ಅಕ್ಕ ಸೆಕ್ರೆಟರಿ ಆಗಿದ್ದಳು. ನಾವೇ ಆರಿಸಿದ್ದು. ಲೆಕ್ಕದಲ್ಲಿ ಬಿಗಿ, ಮಾತಿನಲ್ಲಿ ಇನ್ನೂ ಬಿಗಿ. ಒಂದು ರಾತ್ರಿ ಊಟದ ಹೊತ್ತಿಗೆ ಒಂದು ಹಾಳೆ ಟೇಬಲ್ಲಿಂದ ಟೇಬಲ್ಲಿಗೆ ಬಂತು. “ಭಾನುವಾರ ಜ್ವಾಳದ ರೊಟ್ಟಿ, ಎಣಗಾಯಿ ಬೇಕಂತ ಬರದಾರ, ಸೈನ್ ಮಾಡವಾ” ಅಂದರು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಪೆನ್ನು. ಓದಲಿಲ್ಲ. ಮಾಡಿದೆ. ಎರಡು ದಿನ ಬಿಟ್ಟು ಗೊತ್ತಾಯಿತು, ಆ ಸಹಿಗಳ ಮೇಲೆ ಇದ್ದದ್ದು ಸೆಕ್ರೆಟರಿಯನ್ನು ಬದಲಿಸಿ ಅನ್ನೋ ಅರ್ಜಿ.

ಅಕ್ಕ ಒಂದೇ ಮಾತು ಕೇಳಿದಳು: “ಮೇಡಂ, ಎಲ್ಲಾರನೂ ಕರೀರಿ. ನನ್ನ ಮುಂದ ಕೈ ಎತ್ತಲಿ. ಬಿದ್ದರ ಬಿದ್ದೆ.” ಇಷ್ಟು ಸಹಿ ಇರುವಾಗ ಮೀಟಿಂಗ್ ಯಾಕೆ ಅನ್ನೋ ಉತ್ತರ ಬಂತು. ಮಾರನೇ ದಿನ ನೋಟಿಸ್ ಬೋರ್ಡಿನಲ್ಲಿ ಹೊಸ ಹೆಸರು.

ಪ್ರಾಮಾಣಿಕವಾಗಿ ಹೇಳಬೇಕೆಂದರೆ ಹೊಸ ಸೆಕ್ರೆಟರಿ ಬಂದ ಮೇಲೆ ಊಟ ಸುಧಾರಿಸಿದೆ. ಸಾರಿಗೆ ಸಾರಿನ ರುಚಿ ಬಂದಿದೆ. ಹಾಗಾಗಿ ಬಹಳ ಜನಕ್ಕೆ ಈ ವಿಷಯ ಮುಗಿದುಹೋಗಿದೆ. “ಊಟ ಚಲೋ ಆತಲ್ಲ, ಮತ್ತೇನ್ ಬೇಕು?” ಅಂತಾರೆ. ಮೀಟಿಂಗ್ ಕರೆದಿದ್ದರೂ ಅಕ್ಕ ಸೋಲ್ತಿದ್ದಳೇನೋ. ಆದರೆ ಅದು ಎಣಿಸಿ ಸೋತದ್ದಾಗ್ತಿತ್ತು. ಎಣಿಸದೇ ಸೋಲಿಸಿದ್ದನ್ನ ಅವಳು ಹೇಗೆ ಒಪ್ಪಿಕೊಳ್ಳಬೇಕು?

ಬೊಮ್ಮಾಯಿಯವರ ಪ್ರಕರಣ ನನಗೆ ಅರ್ಥ ಆಗಿದ್ದು ಪಿಡಿಎಫ್‌ನಿಂದ ಅಲ್ಲ, ಈ ಹಾಳೆಯಿಂದ. ಅವರ ಬಗ್ಗೆ ಓದುವಾಗ ನಾವು ಕೇಳೋ ಮೊದಲ ಪ್ರಶ್ನೆ, ಖರೇನ ಬಹುಮತ ಇತ್ತಾ? ಸುಪ್ರೀಂ ಕೋರ್ಟ್ ಆ ಪ್ರಶ್ನೆಗೆ ತಾನೇ ಉತ್ತರ ಕೊಡಲು ಹೋಗಲಿಲ್ಲ. ಆ ಪ್ರಶ್ನೆಯನ್ನ ಎಲ್ಲಿ ಕೇಳಬೇಕು ಅನ್ನೋದನ್ನ ಹೇಳಿತು.

ಆದರೆ ಅಲ್ಲಿಗೆ ತಲುಪೋದಕ್ಕೆ ಐದು ವರ್ಷ ಬೇಕಾಯಿತು. ಮೊದಲು ಕರ್ನಾಟಕ ಹೈಕೋರ್ಟಿಗೆ ಹೋದರು. ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿ ವಜಾ ಮಾಡಿತು. ಅಷ್ಟರಲ್ಲಿ 1989ರ ಕೊನೆಗೆ ಚುನಾವಣೆ ಬಂತು. ಕಾಂಗ್ರೆಸ್ 178 ಸ್ಥಾನ ಗೆದ್ದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಅಂದರೆ ಜನರೇ ತೀರ್ಪು ಕೊಟ್ಟಾಗಿತ್ತು. ವಾಪಸ್ ಸಿಗಬೇಕಾದ ಕುರ್ಚಿಯೇ ಇರಲಿಲ್ಲ, ವಿಸರ್ಜನೆಯಾದ ವಿಧಾನಸಭೆಗೆ ಮರಳಿ ಜೀವ ಬರೋ ಹಾಗೂ ಇರಲಿಲ್ಲ. ಬರೀ ರಾಜಕಾರಣಿಯಾದವನು ಅಲ್ಲಿಗೆ ಫೈಲ್ ಮುಚ್ಚಿ ಮುಂದಿನ ಟಿಕೆಟ್‌ನ ಯೋಚನೆ ಮಾಡ್ತಾನೆ. ಬೊಮ್ಮಾಯಿ ಒಳಗಿನ ವಕೀಲ ಫೈಲ್ ಮುಚ್ಚಲಿಲ್ಲ. ಕಕ್ಷಿದಾರನಿಗೆ ಇನ್ನು ಏನೂ ಸಿಗೋದಿಲ್ಲ ಅಂತ ಗೊತ್ತಿದ್ದೂ ಕೇಸ್ ನಡೆಸಿದರು. ಆ ಕಕ್ಷಿದಾರ ತಾವೇ.

1994ರ ಮಾರ್ಚ್ 11ಕ್ಕೆ ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ನಮ್ಮ ಭಾಷೆಯಲ್ಲಿ ಅದರ ಸಾರ ಇಷ್ಟು. ಒಂದು, ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಅನ್ನೋದನ್ನ ತೀರ್ಮಾನಿಸೋ ಜಾಗ ಸದನ, ರಾಜ್ಯಪಾಲರ ಕೋಣೆಯಲ್ಲ. ಎರಡು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನ ಕೋರ್ಟ್ ಪರಿಶೀಲಿಸಬಹುದು, ಯಾವ ಆಧಾರದ ಮೇಲೆ ಹೊರಡಿಸಿದಿರಿ ತೋರಿಸಿ ಅಂತ ಕೇಳಬಹುದು. ಮೂರು, ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನ ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದು ಅಷ್ಟೇ. ನಾಲ್ಕು, ಘೋಷಣೆ ತಪ್ಪು ಅಂತ ಕಂಡರೆ ವಜಾ ಆದ ಸರ್ಕಾರವನ್ನ ಮತ್ತೆ ಕೂರಿಸುವ ಅಧಿಕಾರ ಕೋರ್ಟಿಗೆ ಇದೆ.

ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್ ಸರ್ಕಾರಗಳನ್ನ ತೆಗೆದದ್ದು ಸಂವಿಧಾನಬಾಹಿರ ಅಂತ ಕೋರ್ಟ್ ಹೇಳಿತು. ಅದೇ ತೀರ್ಪು 1992ರ ಡಿಸೆಂಬರ್ 6ರ ನಂತರ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಸರ್ಕಾರಗಳನ್ನ ವಜಾ ಮಾಡಿದ್ದನ್ನ ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಅನ್ನೋ ಮಾತು ಅಲ್ಲಿದೆ. ಈ ಭಾಗದ ಬಗ್ಗೆ ಇವತ್ತಿಗೂ ವಾದ ಇದೆ, ನಮ್ಮ ಕ್ಯಾಂಟೀನಿನಲ್ಲೂ ಇದೆ. ಆದರೆ ಸದನದಲ್ಲೇ ಎಣಿಸಬೇಕು ಅನ್ನೋ ಮಾತನ್ನ ಇವತ್ತು ಯಾವ ಪಕ್ಷವೂ ಬಹಿರಂಗವಾಗಿ ಅಲ್ಲಗಳೆಯೋದಿಲ್ಲ.

ತೀರ್ಪು ಬಂದ ದಿನ ಬೆಂಗಳೂರಿನಲ್ಲಿ ವೀರಪ್ಪ ಮೊಯಿಲಿ ಮುಖ್ಯಮಂತ್ರಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಜನತಾದಳ ಗೆದ್ದಾಗ ಮುಖ್ಯಮಂತ್ರಿ ಆದವರು ದೇವೇಗೌಡರು. ಬೊಮ್ಮಾಯಿ ಮುಂದೆ ಕೇಂದ್ರದಲ್ಲಿ ಮಾನವ ಸಂಪನ್ಮೂಲ ಮಂತ್ರಿಯಾದರು, 2007ರಲ್ಲಿ ತೀರಿಕೊಂಡರು. ಎಂಟು ತಿಂಗಳಿಗೆ ನಿಂತ ಆ ಕುರ್ಚಿಗೆ ಅವರು ಮತ್ತೆಂದೂ ಬರಲಿಲ್ಲ. ಅವರ ಮಗ, ನಮ್ಮ ಹಾಗೇ ಎಂಜಿನಿಯರಿಂಗ್ ಓದಿದ ಬಸವರಾಜ ಬೊಮ್ಮಾಯಿ, 2021ರಲ್ಲಿ ಅದರಲ್ಲಿ ಕೂತರು. ಅದೂ ಬೇರೆ ಪಕ್ಷದಿಂದ.

ಹಾಗಾದರೆ ಆ ತೀರ್ಪಿನ ಲಾಭ ಯಾರಿಗಾಯಿತು? 2016ರಲ್ಲಿ ಉತ್ತರಾಖಂಡದಲ್ಲಿ ಕಾಂಗ್ರೆಸ್ಸಿನ ಹರೀಶ್ ರಾವತ್ ಸರ್ಕಾರವನ್ನ ತೆಗೆದಾಗ ವಿಷಯ ಕೋರ್ಟಿಗೆ ಹೋಯಿತು. ಮೇ 10ಕ್ಕೆ ಸದನದಲ್ಲಿ ಎಣಿಸಿದರು. ರಾವತ್ ಗೆದ್ದು ವಾಪಸ್ ಕೂತರು. 2018ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲೇ ಕಾಂಗ್ರೆಸ್ ಮತ್ತು ಜೆಡಿಎಸ್ ನಡುರಾತ್ರಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು ನಿಮಗೆ ನೆನಪಿರಬಹುದು, ನಾವಾಗ ಹೈಸ್ಕೂಲಿನವರು, ಟಿವಿ ಮುಂದೆ ಕೂತಿದ್ದವರು. ಬಹುಮತ ಸಾಬೀತಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಕೋರ್ಟ್ 19ಕ್ಕೇ ಎಣಿಸಿ ಅಂತು. ಯಡಿಯೂರಪ್ಪನವರು ಎಣಿಕೆಗೆ ಮೊದಲೇ ರಾಜೀನಾಮೆ ಕೊಟ್ಟರು. ಬೊಮ್ಮಾಯಿ ಸರ್ಕಾರವನ್ನ ಎಣಿಸದೇ ತೆಗೆದಾಗ ದಿಲ್ಲಿಯಲ್ಲಿ ಇದ್ದದ್ದು ಕಾಂಗ್ರೆಸ್. ಎರಡೂ ಸಲ ಬೊಮ್ಮಾಯಿ ತೀರ್ಪಿನ ನೆರಳಿಗೆ ಬಂದದ್ದೂ ಅದೇ ಕಾಂಗ್ರೆಸ್.

ಮೊದಲು ನನಗೆ ಇದು ಅನ್ಯಾಯ ಅನ್ನಿಸ್ತಿತ್ತು. ಗಿಡ ನೆಟ್ಟವ ಒಬ್ಬ, ಹಣ್ಣು ತಿಂದವ ಇನ್ನೊಬ್ಬ, ಅದೂ ಗಿಡ ಕಡಿಯೋಕೆ ಬಂದವನೇ. ಈಗ ಹಾಗೆ ಅನ್ನಿಸೋದಿಲ್ಲ. ನಮ್ಮವರಿಗೆ ಮಾತ್ರ ನೆರಳು ಕೊಡೋದು ನಿಯಮ ಅನ್ನಿಸಿಕೊಳ್ಳೋದಿಲ್ಲ, ಅದು ಸೌಲಭ್ಯ. ವೈರಿಗೂ ನೆರಳು ಕೊಟ್ಟಾಗಲೇ ಅದು ನಿಯಮ.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ, ಎರಡೂ ಗಟ್ಟಿ.

ಮೊದಲನೆಯದು, ಬೊಮ್ಮಾಯಿ ಏನು ಸಾಚಾ? 1977ರಲ್ಲಿ ಅರಸರ ಸರ್ಕಾರ ಹೋದಾಗ ಅವರ ಪಕ್ಷಕ್ಕೆ ಈ ತತ್ವ ಎಲ್ಲಿ ಹೋಗಿತ್ತು? ಹೌದು, ಈ ಪ್ರಶ್ನೆ ನ್ಯಾಯವಾದದ್ದು. ನಿಯಮದ ಬೆಲೆ ತಿಳಿಯೋದು ಬಹಳ ಸಲ ಪೆಟ್ಟು ತಿಂದವರಿಗೇ, ಅದೂ ಪೆಟ್ಟು ತಿಂದ ಮೇಲೆ. ಅದಕ್ಕೇ ಪ್ರಜಾಪ್ರಭುತ್ವಕ್ಕೆ ವಿರೋಧ ಪಕ್ಷ ಬೇಕು ಅಂತ ನಾನು ಹೇಳೋದು. ಅಧಿಕಾರದಲ್ಲಿ ಇದ್ದವರಿಗೆ ಕಾಣದ ಬಿರುಕು ಹೊರಗೆ ನಿಂತು ಮಳೆಯಲ್ಲಿ ನೆನೆಯುವವರಿಗೆ ಕಾಣುತ್ತೆ. ವಿರೋಧ ಪಕ್ಷದವರು ಒಳ್ಳೆಯವರು ಅಂತಲ್ಲ, ಅವರು ನಿಂತ ಜಾಗ ಹಾಗಿದೆ.

ಎರಡನೆಯದು, ಸದನದಲ್ಲಿ ಎಣಿಸಿದರೆ ಎಲ್ಲ ಸರಿ ಹೋಯಿತಾ? ಇಲ್ಲ. ಎಣಿಕೆ ಬಯಲಿನಲ್ಲಿ, ಎಣಿಸೋ ತಲೆಗಳು ರೆಸಾರ್ಟಿನಲ್ಲಿ. 2019ರ ಜುಲೈ 23ಕ್ಕೆ ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಿಂದ ಬಿದ್ದಾಗ ಸದನದಲ್ಲೇ ಎಣಿಸಿದ್ದರು, ನಿಯಮದಂತೆ. ಅದಕ್ಕೂ ಮೊದಲು ಮುಂಬೈ ಹೋಟೆಲಿನಲ್ಲಿ ಏನೇನು ನಡೆಯಿತು ಅನ್ನೋದು ಬೇರೆ ಕಥೆ. ಬೊಮ್ಮಾಯಿ ತೀರ್ಪು ಕಳ್ಳತನವನ್ನ ನಿಲ್ಲಿಸಲಿಲ್ಲ. ಆದರೆ ಯಾರು ಯಾವ ಕಡೆ ನಿಂತರು ಅನ್ನೋದನ್ನ ಬೆಳಕಿನಲ್ಲಿ ನಿಲ್ಲಿಸಿತು. 1989ರ ಆ 19 ಪತ್ರಗಳಲ್ಲಿ ಯಾರದು ನಿಜ, ಯಾರದು ಮೋಸ ಅಂತ ಇವತ್ತಿಗೂ ಯಾರೂ ಎಣಿಸಿ ಹೇಳಲಾರರು. 2019ರ 99 ಮತ್ತು 105ರ ಲೆಕ್ಕ ಸದನದ ಕಡತದಲ್ಲಿದೆ. ಮುಂದಿನ ಚುನಾವಣೆಯಲ್ಲಿ ಜನ ಕೇಳಬೇಕಾದರೆ ಮೊದಲು ಲೆಕ್ಕ ಇರಬೇಕಲ್ಲ?

ನಮ್ಮ ಹಾಸ್ಟೆಲಿಗೆ ವಾಪಸ್ ಬರ್ತೀನಿ. ಆ ಅಕ್ಕ ಸಿಟ್ಟಾಗಿ ರೂಮಿನಲ್ಲಿ ಕೂರಲಿಲ್ಲ. ತನ್ನನ್ನ ಮತ್ತೆ ಸೆಕ್ರೆಟರಿ ಮಾಡಿ ಅಂತಲೂ ಕೇಳಲಿಲ್ಲ. ಒಂದು ಅರ್ಜಿ ಬರೆದಿದ್ದಾಳೆ: ಇನ್ನು ಮುಂದೆ ಆರಿಸಿದ ಕಮಿಟಿಯವರನ್ನ ತೆಗೆಯೋದಿದ್ದರೆ ಎಲ್ಲರನ್ನೂ ಸೇರಿಸಿ, ಅವರ ಮಾತು ಕೇಳಿ, ಎದುರಿಗೇ ಎಣಿಸಿ ತೆಗೆಯಬೇಕು. ಬರೀ ಸಹಿ ಹಾಳೆ ನಡೆಯೋದಿಲ್ಲ. ಅವಳದು ಇದು ಕೊನೇ ಸೆಮ್. ಈ ನಿಯಮ ಬಂದರೂ ಅವಳಿಗೆ ಉಪಯೋಗ ಆಗೋದಿಲ್ಲ. ಮೊದಲು ಉಪಯೋಗ ಆಗೋದು ಈಗಿನ ಸೆಕ್ರೆಟರಿಗೇ, ನಾಳೆ ಅವಳ ವಿರುದ್ಧ ಇನ್ನೊಂದು ಹಾಳೆ ಹೊರಟಾಗ.

ನಾನು ಅವಳ ರೂಮಿಗೆ ಹೋಗಿ, “ಅಕ್ಕಾ, ಆ ಹಾಳಿ ಮ್ಯಾಲ ನಂದೂ ಸೈನ್ ಐತಿ” ಅಂದೆ. ಬೈತಾಳೆ ಅಂದುಕೊಂಡಿದ್ದೆ. “ಗೊತ್ತೈತಿ ಬಿಡು. ಇದನ್ನರ ಓದಿ ಸೈನ್ ಮಾಡು” ಅಂತ ಅರ್ಜಿ ಕೈಗೆ ಕೊಟ್ಟಳು. ಎರಡು ಸಲ ಓದಿದೆ. ಆಮೇಲೆ ಸಹಿ ಹಾಕಿದೆ. ಹಳೇ ಹಾಳೆಯಿಂದ ನನ್ನ ಹೆಸರು ತೆಗೀರಿ ಅಂತ ವಾರ್ಡನ್ ಮೇಡಂಗೆ ಬೇರೆ ಚೀಟಿಯನ್ನೂ ಬರೆದುಕೊಟ್ಟೆ. ಆ ಏಳು ಶಾಸಕರ ಹಾಗೆ, ತಡವಾಗಿ. ಆದರೂ ಕೊಟ್ಟೆ.

ಈ ತಿಂಗಳ ಕೊನೆಗೆ ಆ ಅರ್ಜಿಯ ಮೇಲೆ ಮೀಟಿಂಗ್ ಇದೆ. ಹಾಸ್ಟೆಲಿನವರು ಬನ್ನಿ. ಬೇಡ ಅನ್ನೋರೂ ಬನ್ನಿ, ಎದ್ದು ನಿಂತು ಬೇಡ ಅನ್ನಿ. ಸೋತರೆ ನಾವು ಎಣಿಸಿ ಸೋಲ್ತೀವಿ, ನನಗೆ ಬೇಜಾರಿಲ್ಲ. ಬಾಯ್ಸ್ ಹಾಸ್ಟೆಲಿನವರು, ಕ್ಲಬ್ಬುಗಳವರು, ಸಿಆರ್ ಆರಿಸೋರು ನಿಮ್ಮ ನಿಮ್ಮಲ್ಲಿ ಇಂಥ ನಿಯಮ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ನೀವು ಗೆದ್ದಿರೋ ಹೊತ್ತಿನಲ್ಲೇ ನೋಡಿಕೊಳ್ಳಿ. ಸೋತ ಮೇಲೆ ಎಲ್ಲರಿಗೂ ನೆನಪಾಗುತ್ತೆ.

ಮುಂದಿನ ರಜೆಗೆ ಊರಿಗೆ ಹೋದಾಗ ಅಜ್ಜನಿಗೆ ಉತ್ತರ ಹೇಳ್ತೀನಿ. ಅಜ್ಜಾ, ಬೊಮ್ಮಾಯಿಯವರಿಗೆ ಕುರ್ಚಿ ಸಿಗಲಿಲ್ಲ, ಖರೇ. ಆದರ ಅವರ ಆಮ್ಯಾಲೆ ಬಂದ ಯಾವ ಮುಖ್ಯಮಂತ್ರಿಗೂ, ನಮ್ಮನ್ನ ಎಣಿಸಿ ಕೆಳಗಿಳಸ್ರಿ ಅಂತ ಕೇಳೋ ಹಕ್ಕು ಸಿಕ್ಕೈತಿ. ಅದು ಒಂದು ಮಾರ್ಕಿನ ಪ್ರಶ್ನಿ ಅಲ್ಲ.